ಮುಸುಕಿನ ಜೋಳಕ್ಕೆ ಶಿಲೀಂಧ್ರನಾಶಕ: ಸಿಂಪರಣೆಗೆ ಸಕಾಲ

ಮುಸುಕಿನ ಜೋಳವು ಕರ್ನಾಟಕದ ಮುಂಗಾರಿನ ಪ್ರಮುಖ ಬೆಳೆಗಳಲ್ಲೊಂದು. ಮೆಕ್ಕೆಜೋಳ, ಗೋವಿನ ಜೋಳ ಎಂಬ ಹೆಸರುಗಳೂ ಇದಕ್ಕುಂಟು. ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗ, ಹಾಸನ ಮೊದಲಾದ ಜಿಲ್ಲೆಗಳಲ್ಲಿ ಇದನ್ನು ಬಹುಪಾಲು ಮಳೆಯಾಶ್ರಯದಲ್ಲಿಯೇ ಬೆಳೆಯಲಾಗುತ್ತದೆ. ಬೀಜ, ಗೊಬ್ಬರ ಮತ್ತು ಕೂಲಿಗಾಗಿ ಸಾಲ ಮಾಡಿ ಬಿತ್ತಿದ ರೈತನು, ಎಲೆಗಳ ಮೇಲೆ ಮಚ್ಚೆಗಳನ್ನು ಕಂಡೊಡನೆ ಔಷಧಿ ತಂದು ಸಿಂಪಡಿಸಲು ಮುಂದಾಗುವುದು ಸಹಜ. ಆದರೆ ಸಕಾಲದಲ್ಲಿ ಸಿಂಪಡಿಸಿದಾಗ ಬೆಳೆಯನ್ನು ಉಳಿಸುವ ಔಷಧಿಯೇ, ಮೂರು ವಾರ ತಡವಾದರೆ ಕೇವಲ ಖರ್ಚಿನ ಬಾಬ್ತಾಗುತ್ತದೆ. ಆದುದರಿಂದ ಯಾವ ರೋಗಕ್ಕೆ ಯಾವ ಹಂತದಲ್ಲಿ ಔಷಧಿ ಕೊಡಬೇಕೆಂಬುದನ್ನು ತಿಳಿದಿರುವುದು ಅವಶ್ಯಕ.

ಕೇದಿಗೆ ರೋಗ: ಬಿತ್ತನೆಗೆ ಮೊದಲೇ ರಕ್ಷಣೆ

ಕೇದಿಗೆ ರೋಗವು ಸಸಿಗಳು ಎಳೆಯವಾಗಿರುವಾಗಲೇ ತಗಲುತ್ತದೆ. ಮೊದಲ ಮೂರು ನಾಲ್ಕು ವಾರಗಳೇ ಅಪಾಯದ ಕಾಲ. ರೋಗ ತಗಲಿದ ಸಸಿಯ ಎಲೆಗಳು ಬಿಳಿಚಿಕೊಂಡು ಕಿರಿದಾಗುತ್ತವೆ. ತೇವವಿರುವ ಮುಂಜಾವಿನಲ್ಲಿ ಎಲೆಯ ಕೆಳಭಾಗದಲ್ಲಿ ಬಿಳಿಯ ಬೂಷ್ಟು ಕಾಣಿಸುತ್ತದೆ. ಶಿಲೀಂಧ್ರವು ಗಿಡದೊಳಗೆಲ್ಲ ವ್ಯಾಪಿಸಿದ ಮೇಲೆ ಅಂತಹ ಗಿಡ ಸಾಮಾನ್ಯವಾಗಿ ತೆನೆ ಕಟ್ಟುವುದಿಲ್ಲ. ಆ ಹಂತದಲ್ಲಿ ಸಿಂಪರಣೆಯಿಂದ ಅದನ್ನು ಗುಣಪಡಿಸಲಾಗದು.

ಹೀಗಾಗಿ ಈ ರೋಗಕ್ಕೆ ಸಕಾಲವೆಂದರೆ ಬಿತ್ತನೆಯ ಮುಂಚಿನ ದಿನಗಳೇ. ಮೆಟಲಾಕ್ಸಿಲ್ ಔಷಧಿಯಿಂದ ಬೀಜೋಪಚಾರ ಮಾಡಿದಲ್ಲಿ ಸಸಿಗೆ ಮೊಳಕೆಯಿಂದಲೇ ರಕ್ಷಣೆ ದೊರೆಯುತ್ತದೆ. ಬೀಜವು ಕಂಪನಿಯಿಂದಲೇ ಉಪಚಾರಗೊಂಡು ಬಂದಿದೆಯೇ ಎಂಬುದನ್ನು ಚೀಲದ ಮೇಲಿನ ಚೀಟಿಯಲ್ಲಿ ಓದಿ ತಿಳಿಯಬಹುದು. ರೋಗಪೀಡಿತ ಸಸಿಗಳನ್ನು ಕಂಡೊಡನೆ ಕಿತ್ತು ನಾಶಪಡಿಸಬೇಕು. 1957ರಲ್ಲಿ ಆರಂಭವಾದ ಅಖಿಲ ಭಾರತ ಮಟ್ಟದ ಮುಸುಕಿನ ಜೋಳ ಸುಧಾರಣಾ ಯೋಜನೆಯಡಿ ಮಂಡ್ಯದಂತಹ ಕೇಂದ್ರಗಳಲ್ಲಿ ತಳಿಗಳ ರೋಗನಿರೋಧಕ ಶಕ್ತಿಯನ್ನು ಪರೀಕ್ಷಿಸುತ್ತ ಬರಲಾಗಿದೆ. ಈ ರೋಗ ಮರುಕಳಿಸುವ ಪ್ರದೇಶಗಳಲ್ಲಿ ನಿರೋಧಕ ತಳಿಯ ಆಯ್ಕೆಯೇ ಮೊದಲ ಹೆಜ್ಜೆ.

ಎಲೆ ಅಂಗಮಾರಿ ಮತ್ತು ತುಕ್ಕು ರೋಗ

ಎಲೆ ಅಂಗಮಾರಿ ರೋಗದ ಶಿಲೀಂಧ್ರವು ಹಿಂದಿನ ಬೆಳೆಯ ಕೂಳೆ ಹಾಗೂ ಒಣಗಿದ ಎಲೆಗಳಲ್ಲಿ ಉಳಿದುಕೊಂಡಿರುತ್ತದೆ. ಮೊದಲು ಕೆಳಗಿನ ಎಲೆಗಳ ಮೇಲೆ ಉದ್ದನೆಯ, ದೋಣಿಯಾಕಾರದ ಬೂದು ಬಣ್ಣದ ಮಚ್ಚೆಗಳು ಮೂಡುತ್ತವೆ. ಮೋಡ ಕವಿದ ತಂಪು ಹವೆ, ಬಿಟ್ಟುಬಿಟ್ಟು ಬರುವ ಮಳೆ ಮತ್ತು ಎಲೆಯ ಮೇಲೆ ಬಹುಹೊತ್ತು ನಿಲ್ಲುವ ಇಬ್ಬನಿ ಈ ರೋಗಕ್ಕೆ ಅನುಕೂಲ. ಒಂದು ಮಚ್ಚೆಯಿಂದ ಗಾಳಿಗೆ ಹಾರಿದ ಬೀಜಕಣಗಳು ಒಂದೆರಡು ವಾರಗಳಲ್ಲಿ ಹೊಸ ಮಚ್ಚೆಗಳಿಗೆ ಕಾರಣವಾಗುತ್ತವೆ. ಹೀಗೆ ರೋಗವು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತುಕ್ಕು ರೋಗದಲ್ಲಿ ಎಲೆಯ ಮೇಲೆ ಕಂದು ಬಣ್ಣದ ಚಿಕ್ಕ ಗುಳ್ಳೆಗಳೆದ್ದು, ಬೆರಳಿನಿಂದ ಉಜ್ಜಿದರೆ ಪುಡಿ ಅಂಟುತ್ತದೆ.

ಸಿಂಪರಣೆಯ ಸಕಾಲವನ್ನು ನಿರ್ಧರಿಸುವ ಮುಖ್ಯ ಸಂಗತಿ ಇಲ್ಲಿದೆ. ಕಾಳು ತುಂಬಲು ಬೇಕಾದ ಆಹಾರದ ಬಹುಭಾಗವು ತೆನೆಯ ಬುಡದ ಎಲೆ ಹಾಗೂ ಅದಕ್ಕಿಂತ ಮೇಲಿನ ಎಲೆಗಳಲ್ಲಿ ತಯಾರಾಗುತ್ತದೆ. ಹೂ ಬಿಡುವ ವೇಳೆಗೆ ರೋಗವು ಈ ಎಲೆಗಳನ್ನು ತಲುಪಿದರೆ ಕಾಳು ಜೊಳ್ಳಾಗಿ ಇಳುವರಿಯಲ್ಲಿ ಭಾರಿ ನಷ್ಟವಾಗುತ್ತದೆ. ಕಾಳು ಗಟ್ಟಿಯಾದ ಮೇಲೆ ತಲುಪಿದರೆ ನಷ್ಟ ಅಲ್ಪ. ಶಿಲೀಂಧ್ರನಾಶಕವು ಒಣಗಿದ ಎಲೆಯನ್ನು ಮತ್ತೆ ಹಸಿರಾಗಿಸದು. ಹಸಿರಾಗಿರುವ ಎಲೆಯನ್ನು ಕಾಯುವುದಷ್ಟೇ ಅದರ ಕೆಲಸ.

ಆದ್ದರಿಂದ ಬಿತ್ತಿದ 35 ದಿನಗಳ ನಂತರ ವಾರಕ್ಕೊಮ್ಮೆ ಹೊಲದ ನಾಲ್ಕಾರು ಕಡೆ ಕೆಳಗಿನ ಎಲೆಗಳನ್ನು ಪರೀಕ್ಷಿಸಬೇಕು. ಮಚ್ಚೆಗಳು ಕಂಡು, ಹವೆಯೂ ತಂಪಾಗಿ ತೇವದಿಂದ ಕೂಡಿದ್ದು, ತಳಿಗೆ ನಿರೋಧಕ ಶಕ್ತಿ ಇಲ್ಲವಾದಲ್ಲಿ ತಡಮಾಡದೆ ಮ್ಯಾಂಕೊಜೆಬ್ ಶೇ. 75ರ ಪುಡಿಯನ್ನು 10 ಲೀಟರ್ ನೀರಿಗೆ 25 ಗ್ರಾಂನಂತೆ ಬೆರೆಸಿ ಸಿಂಪಡಿಸಬಹುದು. ಇದು ಎಲೆಯ ಹೊರಮೈಯನ್ನಷ್ಟೇ ಕಾಯುವ ಔಷಧಿ. ಹೊಸದಾಗಿ ಬಿಚ್ಚಿಕೊಂಡ ಎಲೆಗಳಿಗೆ ರಕ್ಷಣೆ ಇರುವುದಿಲ್ಲ. ಜೋರು ಮಳೆಗೆ ಇದು ತೊಳೆದೂ ಹೋಗುತ್ತದೆ. ಆದ್ದರಿಂದ ರೋಗ ಮುಂದುವರಿದರೆ 10-12 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕಾಗುತ್ತದೆ. ಒಂದೇ ಸಿಂಪರಣೆಗೆ ಮಾತ್ರ ಅನುಕೂಲವಿದ್ದಲ್ಲಿ, ಸೂಲಂಗಿ ಹೊರಬಂದು ತೆನೆಯ ತುದಿಯಲ್ಲಿ ರೇಷ್ಮೆಯಂತಹ ಎಳೆಗಳು ಕಾಣುವ ಹಂತವೇ ಸಾಮಾನ್ಯವಾಗಿ ಅತ್ಯಂತ ಫಲಕಾರಿ. ಜೂನ್ ತಿಂಗಳಿನಲ್ಲಿ ಬಿತ್ತಿದ ಬೆಳೆ ಈ ಹಂತಕ್ಕೆ ಬರುವುದು ಆಗಸ್ಟ್ ತಿಂಗಳಿನಲ್ಲಿ, ಮಳೆಮೋಡಗಳ ನಡುವೆಯೇ.

ಸಿಂಪರಣೆ ವ್ಯರ್ಥವಾಗುವ ಸಂದರ್ಭಗಳು

ಕಾಳು ಹಾಲುಗಾಳು ಹಂತವನ್ನು ದಾಟಿ ಗಟ್ಟಿಯಾಗತೊಡಗಿದ ಮೇಲೆ ಸಿಂಪಡಿಸಿದರೆ ಖರ್ಚು ಹುಟ್ಟುವುದು ಕಷ್ಟ. ಹೂ ಬಿಟ್ಟ ನಂತರ ತೇವಾಂಶದ ಕೊರತೆ ಹಾಗೂ ಬಿಸಿಲಿನಿಂದ ಉಲ್ಬಣಿಸುವ ಕಾಂಡ ಕೊಳೆ ರೋಗಕ್ಕೆ ಎಲೆಯ ಮೇಲಿನ ಸಿಂಪರಣೆ ಪರಿಹಾರವಲ್ಲ. ನೀರಿನ ಸೌಲಭ್ಯವಿದ್ದರೆ ಆ ವೇಳೆ ಒಂದು ಹದ ನೀರು ಕೊಡುವುದೇ ಹೆಚ್ಚು ಉಪಯುಕ್ತ. ಸಾರಜನಕದ ಕೊರತೆಯಿಂದಲೂ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಹೊಡೆಯಬಾರದು. ಒಣಹವೆ ಮುಂದುವರಿದು ಮೇಲಿನ ಎಲೆಗಳು ಸ್ವಚ್ಛವಾಗಿದ್ದರೆ ಕಾದು ನೋಡುವುದು ಲೇಸು.

ಸಿಂಪಡಿಸುವಾಗ ಎಚ್ಚರಿಕೆ

ಸಿಂಪರಣೆಗೆ ಸಕಾಲವಾದ ಹೊತ್ತಿಗೆ ಬೆಳೆಯು ಆಳೆತ್ತರ ಮೀರಿರುತ್ತದೆ. ಸಾಲುಗಳ ನಡುವೆ ನಡೆಯುವವರ ಮುಖದ ಮೇಲೆಯೇ ಔಷಧಿಯ ಹನಿಗಳು ಬೀಳುವ ಸಂಭವವಿದೆ. ಆದುದರಿಂದ ಮೂಗು, ಬಾಯಿ, ಕಣ್ಣುಗಳಿಗೆ ರಕ್ಷಣೆ, ಕೈಗವಸು ಮತ್ತು ತುಂಬುತೋಳಿನ ಅಂಗಿ ಅತ್ಯಗತ್ಯ. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಇಬ್ಬನಿ ಆರಿದ ಮೇಲೆ, ಮಳೆಯ ಸೂಚನೆಯಿಲ್ಲದ ವೇಳೆಯನ್ನು ಆರಿಸಿಕೊಳ್ಳಬೇಕು. ಕೊಳ್ಳುವ ಔಷಧಿಯ ಚೀಟಿಯಲ್ಲಿ ಮುಸುಕಿನ ಜೋಳದ ಹೆಸರಿದೆಯೇ ಎಂದು ನೋಡಿ, ಅದರಲ್ಲಿ ಸೂಚಿಸಿದ ಪ್ರಮಾಣವನ್ನೂ ಕೊಯ್ಲಿಗೆ ಮುಂಚೆ ಕಾಯಬೇಕಾದ ದಿನಗಳನ್ನೂ ಪಾಲಿಸಬೇಕು. ಸಿಂಪಡಿಸಿದ ಕೂಡಲೇ ಹಸಿರೆಲೆಗಳನ್ನು ದನಕರುಗಳಿಗೆ ಮೇವಾಗಿ ಕೊಡಬಾರದು.

ಕೂಳೆಯನ್ನು ಆಳವಾಗಿ ಉಳುವುದು, ದ್ವಿದಳ ಧಾನ್ಯಗಳೊಂದಿಗೆ ಬೆಳೆ ಪರಿವರ್ತನೆ, ನಿರೋಧಕ ತಳಿಯ ಬಳಕೆ ಇವುಗಳಿಂದ ಸಿಂಪರಣೆಯ ಅಗತ್ಯವೇ ಕಡಿಮೆಯಾಗುತ್ತದೆ. ಸಂದೇಹವಿದ್ದಲ್ಲಿ ರೋಗ ತಗಲಿದ ಎಲೆಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಔಷಧಿ ಅಂಗಡಿಗೆ ಹೋಗುವ ಮುನ್ನ ಒಮ್ಮೆ ಹೊಲವನ್ನು ಸುತ್ತಿ, ಬೆಳೆಯ ಹಂತವನ್ನೂ ಆಕಾಶದ ಸ್ಥಿತಿಯನ್ನೂ ಗಮನಿಸುವ ರೈತನು ಹಣವನ್ನೂ ಬೆಳೆಯನ್ನೂ ಉಳಿಸಿಕೊಳ್ಳಬಲ್ಲನು.