ಪಡಸಾಲೆಯಲ್ಲೇ ಆಡಿಷನ್: ಮನೆಯಿಂದ ಸೆಲ್ಫ್ ಟೇಪ್ ಕಳಿಸುವ ಬಗೆ

ಗುಂಜಹಳ್ಳಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಿನಿಮಾ ಆಡಿಷನ್ ಕೊಡಬೇಕೆಂದರೆ ಮೊದಲು ರಾಯಚೂರಿಗೆ ಬರಬೇಕು. ಅಲ್ಲಿಂದ ರಾತ್ರಿ ಬಸ್ಸೋ ಉದ್ಯಾನ್ ಎಕ್ಸ್‌ಪ್ರೆಸ್ಸೋ ಹಿಡಿದು ನಾನೂರು ಕಿಲೋಮೀಟರ್ ಹೋಗಬೇಕು. ಅಲ್ಲಿ ಯಾವುದೋ ಆಫೀಸಿನ ಮೆಟ್ಟಿಲ ಮೇಲೆ ಕೂತು, ಸರದಿ ಬಂದಾಗ ಎರಡು ನಿಮಿಷ ಮಾತಾಡಿ, ಮತ್ತೆ ರಾತ್ರಿಯ ಗಾಡಿಗೇ ವಾಪಸ್. 2020ರ ಲಾಕ್‌ಡೌನ್ ಈ ಪದ್ಧತಿಯನ್ನು ಅರ್ಧ ಮುರಿಯಿತು. ನಟರು ಬರುವಂತಿಲ್ಲ, ಕಾಸ್ಟಿಂಗ್ ತಂಡದವರು ಕರೆಯುವಂತಿಲ್ಲ. ಮನೆಯಲ್ಲೇ ವಿಡಿಯೋ ಮಾಡಿ ಕಳಿಸಿ ಎಂದರು. ಕೊರೋನಾ ಹೋದರೂ ಆ ರೂಢಿ ಉಳಿಯಿತು. ಈಗ ಸಿನಿಮಾ, ಧಾರಾವಾಹಿ, ವೆಬ್ ಸೀರೀಸ್‌ಗಳ ಮೊದಲ ಸುತ್ತು ಎಷ್ಟೋ ಸಲ ಸೆಲ್ಫ್ ಟೇಪೇ.

ನಮ್ಮ ಕಡೆಯವರಿಗೆ ಇದು ಲಾಭದ ಬದಲಾವಣೆ. 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದರು. 2024ರಲ್ಲಿ ಬಂದ ಉತ್ಸವ್ ಗೋನವಾರ ಅವರ ‘ಫೋಟೋ’ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ನಡೆದು ಹೊರಟ ಉತ್ತರ ಕರ್ನಾಟಕದ ಕೂಲಿಯವರ ಕತೆ. ಇಂಥ ಚಿತ್ರಗಳಿಗೆ ಬೇಕಾದ ಮುಖ, ಬೇಕಾದ ಮಾತು ಹಳ್ಳಿಯಲ್ಲೇ ಇದೆ. ಅದನ್ನು ನೋಡುವವರಿಗೆ ಸರಿಯಾಗಿ ಕಾಣುವ ಹಾಗೆ, ಅದಕ್ಕಿಂತ ಮುಖ್ಯವಾಗಿ ಕೇಳುವ ಹಾಗೆ, ಮುಟ್ಟಿಸುವುದಷ್ಟೇ ಕೆಲಸ.

ಕೇಳುವ ಹಾಗೆ ಎಂದು ಒತ್ತಿ ಹೇಳಲು ಕಾರಣವಿದೆ. ಸೆಲ್ಫ್ ಟೇಪ್ ಎಂದಕೂಡಲೇ ಹುಡುಗರು ಒಳ್ಳೆಯ ಕ್ಯಾಮೆರಾದ ಮೊಬೈಲ್ ಹುಡುಕಿಕೊಂಡು ಗೆಳೆಯರ ಮನೆಗೆ ಓಡುತ್ತಾರೆ. ಐದಾರು ವರ್ಷ ಹಳೆಯ ಸಾಧಾರಣ ಮೊಬೈಲೂ 1080ಪಿ ವಿಡಿಯೋ ತೆಗೆಯುತ್ತದೆ; ಕಾಸ್ಟಿಂಗಿನವರಿಗೆ ಅಷ್ಟು ಧಾರಾಳ ಸಾಕು. ಟೇಪು ಕೆಡುವುದು ಬಹುಪಾಲು ಧ್ವನಿಯಲ್ಲಿ. ಅದರಲ್ಲೂ ನಮ್ಮ ಮನೆಗಳಲ್ಲಿ. ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದ್ ಪರ್ಸಿ, ಮೇಲೆ ಆರ್‌ಸಿಸಿ ಅಥವಾ ಕಲ್ಲಿನ ಹಾಸು. ಬೇಸಿಗೆಗೆ ತಂಪಾದ ಈ ಮನೆ ಮೈಕಿಗೆ ಮಾತ್ರ ವೈರಿ. ಬಾಯಿಂದ ಹೊರಟ ಮಾತು ಮೊಬೈಲಿಗೆ ನೇರವಾಗಿಯೂ ಹೋಗುತ್ತದೆ, ಗೋಡೆ ನೆಲಕ್ಕೆ ಬಡಿದು ಸುತ್ತುಹಾಕಿಯೂ ಹೋಗುತ್ತದೆ. ಮೈಕಿನಿಂದ ದೂರ ಸರಿದಷ್ಟೂ ನೇರ ಮಾತಿನ ಬಲ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಅದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಯ ಮರುದನಿ ಮಾತ್ರ ಅಷ್ಟೇ ಇರುತ್ತದೆ. ಆರು ಅಡಿ ದೂರದ ಮೊಬೈಲಿಗೆ ನಿಮ್ಮ ದನಿ ಬಾವಿಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ.

ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಅಲ್ಲೇ ಸತ್ತರೆ ಸರಿ, ‘ಠಣ್’ ಎಂದು ಎಳೆದರೆ ಕೋಣೆಗೆ ಬಟ್ಟೆ ಬೇಕು. ಸ್ಟುಡಿಯೋದವರು ದುಡ್ಡು ಸುರಿದು ಹಾಕಿಸುವ ಫೋಮಿನ ಬದಲಿಗೆ ನಮ್ಮಲ್ಲಿ ಕೌದಿ ಇದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು ಹೊಲಿದ ಅವ್ವನ ಕೌದಿ ಸದ್ದು ಹೀರುವುದರಲ್ಲಿ ಗಟ್ಟಿ. ಮೊಬೈಲಿನ ಹಿಂದಿನ ಗೋಡೆಗೆ ಒಂದು, ಎಡಬಲಕ್ಕೆ ಒಂದೊಂದು, ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಇಳಿಬಿಡಿ. ಗೋಡೆಗೆ ಅಂಟಿಸುವುದಕ್ಕಿಂತ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೆ ಇನ್ನೂ ಒಳ್ಳೆಯದು. ನೀವು ನಿಲ್ಲುವ ಜಾಗದ ಮುಂದೆ ಪರ್ಸಿಯ ಮೇಲೆ ಅರಳೆಯ ಗಾದಿ ಹಾಸಿ. ನಿಮ್ಮ ಬೆನ್ನ ಹಿಂದೆ ಮಾತ್ರ ಕೌದಿ ಬೇಡ. ಅದರ ಬಣ್ಣಬಣ್ಣದ ಚೌಕಗಳನ್ನು ನೋಡುತ್ತ ನೋಡುವವರು ನಿಮ್ಮ ಮುಖ ಮರೆತಾರು. ಮತ್ತೆ ಚಪ್ಪಾಳೆ ಹೊಡೆದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಮೈಕನ್ನು ಬಾಯಿಗೆ ಹತ್ತಿರ ತರಬೇಕು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಸಾವಿರ ರೂಪಾಯಿಯ ಒಳಗೂ ಸಿಗುತ್ತದೆ. ಅದೂ ಬೇಡವೆಂದರೆ ಮನೆಯ ಇನ್ನೊಂದು ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡರ್ ಹಚ್ಚಿ, ಫ್ರೇಮಿಗೆ ಕಾಣದಂತೆ ಎದೆಯ ಕೆಳಗೆ ಸ್ಟೂಲಿನ ಮೇಲೆ ಇಡಿ. ಎರಡೂ ಓಡಲು ಶುರುವಾದ ಮೇಲೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆದರೆ, ಆ ಸದ್ದನ್ನು ಗುರುತಿಟ್ಟು ಎಡಿಟಿಂಗ್ ಆ್ಯಪಿನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಜೋಡಿಸಬಹುದು. ಸಿನಿಮಾದವರ ಕ್ಲ್ಯಾಪ್ ಬೋರ್ಡ್ ಮಾಡುವ ಕೆಲಸವೂ ಇದೇ.

ಉಳಿದದ್ದು ಊರಿನ ಸದ್ದು. ಹಿಟ್ಟಿನ ಗಿರಣಿ, ಟ್ರ್ಯಾಕ್ಟರಿನ ಟೇಪ್ ರೆಕಾರ್ಡರ್, ಗುಡಿಯ ಮೈಕು, ಯಾವುದೂ ನಮ್ಮ ಮಾತು ಕೇಳುವುದಿಲ್ಲ. ಅವು ಯಾವ ಹೊತ್ತಿಗೆ ಸುಮ್ಮನಿರುತ್ತವೆ ಎಂದು ಊರವರಿಗೆ ಗೊತ್ತೇ ಇರುತ್ತದೆ. ಆ ಹೊತ್ತು ಹಿಡಿಯಿರಿ. ಫ್ಯಾನು ಬಂದ್. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಈ ಮಾತು ಹೇಳುವುದು ಕ್ರೂರವೇ, ಆದರೂ ಟೇಕ್ ನಡೆಯುವ ಎರಡು ನಿಮಿಷವಷ್ಟೇ. ನಡುವೆ ಫ್ಯಾನು ಹಾಕಿ, ಟವೆಲಿನಿಂದ ಮುಖ ಒತ್ತಿಕೊಳ್ಳಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕದಿದ್ದರೆ ಒಳ್ಳೆಯ ಟೇಕಿನ ನಡುವೆಯೇ ಸೋದರಮಾವನ ಫೋನು ಬರುತ್ತದೆ.

ಬೆಳಕಿಗೆ ಬರೋಣ. ಹಗಲಿನ ಬೆಳಕೇ ನಂಬಿಕಸ್ಥ, ಕರೆಂಟಿನ ಹಂಗಿಲ್ಲ. ಪಡಸಾಲೆಯ ಬಾಗಿಲಿಗೆ ಮುಖ ಮಾಡಿ ಎರಡು ಮೂರು ಹೆಜ್ಜೆ ಒಳಗೆ ನಿಲ್ಲಿ. ಬಿಸಿಲು ಮೈಮೇಲೆ ಬೀಳಬಾರದು, ಅಂಗಳದಿಂದ ಪುಟಿದ ಬೆಳಕು ಮುಖಕ್ಕೆ ಬೀಳಬೇಕು. ಬಾಗಿಲಿಗೆ ಬೆನ್ನು ಹಾಕಿದಿರೋ, ಕಾಣುವುದು ನಿಮ್ಮ ಕಪ್ಪು ಆಕಾರವೊಂದೇ. ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯ ಕೆಳಗೆ ನಿಲ್ಲುವ ಆಸೆಯಾಗುತ್ತದೆ. ನೋಡಲು ಚಂದ, ಟೇಪಿಗೆ ಕೆಟ್ಟದ್ದು. ನೆತ್ತಿಯ ಮೇಲಿನಿಂದ ಬೀಳುವ ಬೆಳಕು ಹುಬ್ಬಿನ ನೆರಳನ್ನು ಕಣ್ಣಿನ ಗುಂಡಿಗೆ ತುಂಬುತ್ತದೆ, ಆಡಿಷನ್ನಿನಲ್ಲಿ ಮೊದಲು ಕಾಣಬೇಕಾದದ್ದೇ ಕಣ್ಣು. ಮುಖದ ಒಂದು ಮಗ್ಗುಲು ಕಪ್ಪಾಗಿ ಕಂಡರೆ ಆ ಕಡೆ ಬಿಳಿ ಪಂಚೆಯೊಂದನ್ನು ಹರವಿ ಹಿಡಿಸಿ.

ರಾತ್ರಿ ಮಾಡಲೇಬೇಕಾಗಿ ಬಂದರೆ ಒಂದು ತೊಡಕು ಗೊತ್ತಿರಲಿ. ನಮ್ಮ ಕರೆಂಟು 50 ಹರ್ಟ್ಸಿನದು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣಕುತ್ತವೆ. ಕಣ್ಣಿಗೆ ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗ ಈ ಮಿಣಕಿಗೆ ಹೊಂದದಿದ್ದರೆ ವಿಡಿಯೋ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಮೊಬೈಲಿನಲ್ಲಿ ಪ್ರೊ ಮೋಡ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. 25 ಸಿಗದಿದ್ದರೆ 30 ಫ್ರೇಮಿಗೂ ಶಟರ್ 1/50 ಅಥವಾ 1/100 ಇದ್ದರೆ ಪಟ್ಟಿ ಬರುವುದಿಲ್ಲ. ಹಳದಿ ಬಲ್ಬು, ಬಿಳಿ ಟ್ಯೂಬು ಎರಡನ್ನೂ ಒಟ್ಟಿಗೆ ಹಾಕಬೇಡಿ. ಅರ್ಧ ಮುಖ ಕಾಮಾಲೆಯಾದಂತೆ ಕಾಣುತ್ತದೆ.

ಮೊಬೈಲನ್ನು ಅಡ್ಡ ಹಿಡಿಯುವುದು, ನಿಮ್ಮ ಕಣ್ಣಿನ ಎತ್ತರಕ್ಕೆ ನಿಲ್ಲಿಸುವುದು, ಸೆಲ್ಫಿ ಕ್ಯಾಮೆರಾ ಬಿಟ್ಟು ಹಿಂದಿನದನ್ನು ಬಳಸುವುದು, ಬ್ಯೂಟಿ ಫಿಲ್ಟರ್ ತೆಗೆಯುವುದು, ಇವು ಎಲ್ಲರೂ ಹೇಳುವ ಮಾತುಗಳು. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ಚೀಲದ ಮೇಲೆ ಡಬ್ಬಿ ಪೇರಿಸಿದರೂ ನಡೆಯುತ್ತದೆ, ಅಲುಗಬಾರದಷ್ಟೇ. ಮುಖದ ಹತ್ತಿರ ಮೊಬೈಲ್ ತಂದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಐದಾರು ಅಡಿ ದೂರ ಇಟ್ಟು, ಎರಡು ಪಟ್ಟು ಹಿಗ್ಗಿಸುವ ಲೆನ್ಸ್ ಇದ್ದರೆ ಅದರಲ್ಲಿ ತೆಗೆಯಿರಿ. ಫ್ರೇಮು ಎದೆಯಿಂದ ಮೇಲೆ, ತಲೆಯ ಮೇಲೆ ಸ್ವಲ್ಪವೇ ಜಾಗ. ಪರದೆಯ ಮೇಲೆ ನಿಮ್ಮ ಮುಖವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ಬೀಗ ಬೀಳುತ್ತವೆ. ಕೈ ಎತ್ತಿದಾಗಲೆಲ್ಲ ಚಿತ್ರ ಮಬ್ಬಾಗುವುದು ನಿಲ್ಲುತ್ತದೆ. ಹಿನ್ನೆಲೆ ಖಾಲಿ ಗೋಡೆ. ಕ್ಯಾಲೆಂಡರ್, ದೇವರ ಫೋಟೋ, ಮೊಳೆಗೆ ನೇತುಹಾಕಿದ ಚೀಲ ಎಲ್ಲ ಆ ಹೊತ್ತಿಗೆ ಇಳಿಯಲಿ. ಸುಣ್ಣದ ಗೋಡೆಯ ಮುಂದೆ ಬಿಳಿ ಅಂಗಿ ಬೇಡ, ಸಣ್ಣ ಚೌಕಡಿಯ ಅಂಗಿಯೂ ಬೇಡ. ಅಂಥ ಗೆರೆ ಕ್ಯಾಮೆರಾದಲ್ಲಿ ಹರಿದಾಡುತ್ತದೆ.

ಎದುರು ಪಾತ್ರದ ಮಾತು ಓದುವವರಿಗೆ ರೀಡರ್ ಎನ್ನುತ್ತಾರೆ. ಅವರು ಲೆನ್ಸಿಗೆ ಅಂಟಿಕೊಂಡಂತೆ ಮಗ್ಗುಲಲ್ಲಿ ನಿಲ್ಲಬೇಕು. ನೀವು ಅವರನ್ನು ನೋಡಿ ಮಾತಾಡಿದರೆ ಎರಡೂ ಕಣ್ಣು ಕ್ಯಾಮೆರಾಕ್ಕೆ ಕಾಣುತ್ತವೆ. ನೇರ ಲೆನ್ಸಿನೊಳಗೇ ನೋಡುವುದು ಹೆಸರು ಹೇಳುವಾಗ ಮಾತ್ರ. ರೀಡರಿನ ಬಾಯಿ ಮೊಬೈಲಿಗೆ ಹತ್ತಿರ ಇರುವುದರಿಂದ ಅವರು ಸಣ್ಣ ದನಿಯಲ್ಲಿ, ಅಭಿನಯವಿಲ್ಲದೆ, ಸಮಯಕ್ಕೆ ಸರಿಯಾಗಿ ಮಾತು ಕೊಡಬೇಕು. ಇದಕ್ಕೆ ನಮ್ಮೂರುಗಳಲ್ಲಿ ಪಳಗಿದ ಜನರೇ ಇದ್ದಾರೆ: ಜಾತ್ರೆಯ ಸಾಮಾಜಿಕ ನಾಟಕಕ್ಕೆ ಸೈಡ್‌ವಿಂಗಿನಲ್ಲಿ ನಿಂತು ಪ್ರಾಂಪ್ಟ್ ಮಾಡುವವರು. ತನ್ನ ದನಿ ಪ್ರೇಕ್ಷಕರಿಗೆ ಕೇಳದಂತೆ, ನಟನಿಗೆ ತಪ್ಪದಂತೆ ಮಾತು ದಾಟಿಸಿ ರೂಢಿಯಾದವರು. ಹೀರೋ ಪಾತ್ರ ಮಾಡುವ ಗೆಳೆಯನನ್ನು ಕರೆದರೆ ಅವನೂ ಆಡಿಷನ್ ಕೊಡಲು ಶುರುಮಾಡುತ್ತಾನೆ.

ನಟನೆಯಲ್ಲಿ ತೊಡಕು ಬರುವುದೂ ಆ ಜಾತ್ರೆಯ ಸ್ಟೇಜಿನಿಂದಲೇ. ದೊಡ್ಡಾಟ, ಕಂಪನಿ ನಾಟಕ ನೋಡಿ ಬೆಳೆದ ಮೈಗೆ ಕೊನೆಯ ಸಾಲಿನವನಿಗೂ ಮುಟ್ಟಿಸುವುದು ಅಭ್ಯಾಸ. ಸೆಲ್ಫ್ ಟೇಪಿನಲ್ಲಿ ಕೊನೆಯ ಸಾಲು ಆರು ಅಡಿ ದೂರದಲ್ಲಿದೆ. ಒಂದು ಮಾತು ಇಟ್ಟುಕೊಳ್ಳಿ. ಅಣ್ಣ ಹೇಳದೆ ಕೇಳದೆ ಹೊಲ ಮಾರಿದ್ದಾನೆ, ತಂಗಿ ಬಂದು ಕೇಳುತ್ತಾಳೆ: “ಹೊಲ ಮಾರಿದ್ಯಂತಲ್ಲಣ್ಣ, ಖರೇನ?” ಸ್ಟೇಜಿನ ಮೇಲೆ ‘ಖರೇನ’ ಎಂಬಲ್ಲಿ ದನಿ ಏರುತ್ತದೆ, ಕೈ ಮುಂದೆ ಹೋಗುತ್ತದೆ, ಹಾರ್ಮೋನಿಯಂ ಮಾಸ್ತರರು ಒಂದು ಸ್ವರ ಒತ್ತುತ್ತಾರೆ. ಮೊಬೈಲಿನ ಮುಂದೆ ಅದೇ ಮಾತನ್ನು ಚಹಾದ ಕಪ್ಪು ಕೈಗೆ ಕೊಡುತ್ತ ಕೇಳುವಷ್ಟೇ ದನಿಯಲ್ಲಿ ಹೇಳಿ, ಹೇಳಿದ ಮೇಲೆ ಅಣ್ಣನ ಮುಖದಿಂದ ಕಣ್ಣು ಕೀಳಬೇಡಿ. ಅವನು ಉತ್ತರ ಕೊಡದೆ ಸುಮ್ಮನಿರುವಾಗ ನಿಮ್ಮ ಮುಖದಲ್ಲಿ ಏನಾಗುತ್ತದೋ ಅದನ್ನೇ ಕಾಸ್ಟಿಂಗಿನವರು ನೋಡುವುದು. ಎದುರಿನವರ ಮಾತು ಕೇಳಿಸಿಕೊಳ್ಳುವ ನಟ ಬಹಳ ವಿರಳ. ಎಷ್ಟೋ ಟೇಪುಗಳಲ್ಲಿ ನಟ ತನ್ನ ಸರದಿಗೆ ಕಾಯುತ್ತಿರುವುದು ಕಾಣುತ್ತದೆ.

ಮಾತಿನ ಬಗ್ಗೆ ಇನ್ನೊಂದು. ಕನ್ನಡ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಭಾಷೆಯೆಂದರೆ ಹಾಸ್ಯನಟನ ಭಾಷೆ ಎಂಬಂತೆ ಬಹುಕಾಲ ನಡೆದುಬಂತು. ಅದನ್ನು ನೋಡಿ ನಾವೂ ಆಡಿಷನ್ನಿನಲ್ಲಿ ಹುಬ್ಬಳ್ಳಿ ಧಾಟಿ ಹಚ್ಚಿ ಎಳೆದೆಳೆದು ಮಾತಾಡುತ್ತೇವೆ. ರಾಯಚೂರು 1948ರವರೆಗೂ ನಿಜಾಮರ ಸೀಮೆ. ಇಲ್ಲಿಯ ಮಾತಿಗೆ ಉರ್ದುವಿನ, ಪಕ್ಕದ ತೆಲುಗಿನ ಸೋಂಕು ಇದೆ, ಹದವೇ ಬೇರೆ. ಕೊಟ್ಟ ದೃಶ್ಯ ಬೆಂಗಳೂರು ಕನ್ನಡದಲ್ಲಿದ್ದರೆ ಮೊದಲ ಟೇಕನ್ನು ಬರೆದಂತೆಯೇ ಮಾಡಿ. ಎರಡನೆಯದನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಮಾಡಿ ಕಳಿಸಬಹುದೇ ಎಂದು ಕೇಳಿ ನೋಡಿ. ಒಂದೇ ತರಹದ ಐದು ಟೇಕಿಗಿಂತ ಬೇರೆ ಬೇರೆ ಬಗೆಯ ಎರಡು ಲೇಸು.

ಮಾತು ಬಾಯಿಪಾಠ ಇರಬೇಕೇ? ಇದ್ದರೆ ಒಳ್ಳೆಯದು. ಆದರೆ ರಾತ್ರಿ ಹತ್ತಕ್ಕೆ ಹತ್ತು ಪುಟ ಕಳಿಸಿ ಬೆಳಿಗ್ಗೆಗೆ ಟೇಪ್ ಕೇಳುವುದು ನ್ಯಾಯವಲ್ಲ. ಅಮೆರಿಕದ ನಟರ ಸಂಘ 2023ರ ಮುಷ್ಕರದ ನಂತರ ಮಾಡಿಕೊಂಡ ಒಪ್ಪಂದದಲ್ಲಿ ವಯಸ್ಕ ನಟರ ಟೇಪಿಗೆ ಕನಿಷ್ಠ 48 ತಾಸು ಸಮಯ, ಮೊದಲ ಸುತ್ತಿಗೆ ಹೆಚ್ಚೆಂದರೆ 8 ಪುಟ ಎಂದು ಬರೆಸಿಕೊಂಡಿತು. ಸಮಯ ಸಾಲದಿದ್ದರೆ ಇನ್ನೊಂದು ದಿನ ಕೇಳುವುದು ತಪ್ಪಲ್ಲ.

ಹೆಸರು, ಎತ್ತರ, ಊರು, ಬರುವ ಭಾಷೆಗಳನ್ನು ಹೇಳುವ ಭಾಗಕ್ಕೆ ಸ್ಲೇಟ್ ಎನ್ನುತ್ತಾರೆ. ಎಡ ಬಲ ಮಗ್ಗುಲು ತಿರುಗಿ, ಒಮ್ಮೆ ತಲೆಯಿಂದ ಪಾದದವರೆಗೆ ಕಾಣಿಸಿಕೊಂಡರೆ ಮುಗಿಯಿತು. ಇಲ್ಲಿ ಪಾತ್ರವಲ್ಲ, ನೀವೇ ಇರಿ.

ಕಳಿಸುವಾಗ ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೋ ಆಗಿ ಹಾಕಿದರೆ ಅದು ಹಿಂಡಿ ಕಿರಿದುಮಾಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೆ ಇದ್ದಂತೆಯೇ ಹೋಗುತ್ತದೆ. ಗೂಗಲ್ ಡ್ರೈವ್ ಲಿಂಕ್ ಆದರೆ, ಲಿಂಕ್ ಇರುವ ಯಾರಾದರೂ ನೋಡಬಹುದು ಎಂಬ ಅನುಮತಿ ಕೊಟ್ಟು, ಮನೆಯವರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. 4ಕೆ ಬೇಡ, ಹಳ್ಳಿಯ ನೆಟ್‌ವರ್ಕಿನಲ್ಲಿ ರಾತ್ರಿಯೆಲ್ಲ ಅಪ್‌ಲೋಡ್ ಸುತ್ತುತ್ತಲೇ ಇರುತ್ತದೆ. ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಕೊಡಿ. ಸಂಗೀತ, ಟೈಟಲ್, ಸ್ಲೋ ಮೋಷನ್ ಏನೂ ಬೇಡ. ಆ ದೃಶ್ಯವನ್ನು ರೀಲ್ಸಿಗೆ ಹಾಕಿದರೆ ಕತೆ ಬಯಲಾಗುತ್ತದೆ, ಪಾತ್ರವೂ ಕೈತಪ್ಪುತ್ತದೆ.

ಆಡಿಷನ್ನಿಗೆ, ನೋಂದಣಿಗೆ, ‘ಆರ್ಟಿಸ್ಟ್ ಕಾರ್ಡಿಗೆ’ ದುಡ್ಡು ಕೇಳಿದರೆ ಅದು ಆಡಿಷನ್ ಅಲ್ಲ, ಮೋಸ. ಮೈ ತೋರಿಸುವ ವಿಡಿಯೋ ಕೇಳಿದರೂ ಅಷ್ಟೇ; ಹೆಣ್ಣುಮಕ್ಕಳು ಅಂಥ ನಂಬರನ್ನು ಮನೆಯಲ್ಲಿ ತೋರಿಸಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ಕೊಡಬೇಕು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಕರೆ ನಿಜವೋ ಸುಳ್ಳೋ ಎಂಬ ಅನುಮಾನವಿದ್ದರೆ, ಕೌದಿ ಕಟ್ಟುವ ಮೊದಲೇ ಆ ನಿರ್ಮಾಣ ಸಂಸ್ಥೆಯ ಹಿಂದಿನ ಚಿತ್ರ ಯಾವುದು, ಕಾಸ್ಟಿಂಗ್ ಮಾಡಿದವರು ಯಾರು ಎಂದು ವಿಚಾರಿಸಿ.

ಟೇಪ್ ಕಳಿಸಿದ ಮೇಲೆ ದಿನಾ ಮೆಸೇಜ್ ಹಾಕಬೇಡಿ. ಬೇಕಾದರೆ ಅವರೇ ಕರೆಯುತ್ತಾರೆ, ಬೇಡವಾದರೆ ಬಹುತೇಕ ಏನೂ ಹೇಳುವುದಿಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ತಿಂಗಳುಗಳ ನಂತರ, ಬೇರೊಂದು ಪಾತ್ರಕ್ಕಾಗಿ, ಅದೇ ಟೇಪನ್ನು ಮತ್ತೆ ಕೇಳುವುದುಂಟು.