ಲಿವರ್ ರೈಫಲ್, ಏರ್‌ಗನ್ ಮತ್ತು ಕೇರಳದ ಕಾಡು: ಕ್ಯಾಂಪಿಗೆ ಹೊರಡುವ ಮುನ್ನ

ಕೊಚ್ಚಿಯ ಇನ್ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರು ರಜೆ ಸಿಕ್ಕರೆ ಗುಡಾರ ಕಟ್ಟಿಕೊಂಡು ಮುನ್ನಾರ್, ತಟ್ಟೇಕ್ಕಾಡು, ಪೊನ್ಮುಡಿ ಕಡೆಗೆ ಹೊರಡುತ್ತಾರೆ. ಅವರಲ್ಲಿ ಕೆಲವರಿಗೆ ಅಮೆರಿಕದ ವಿಡಿಯೋಗಳಿಂದ ಒಂದು ಆಸೆ ಹುಟ್ಟಿರುತ್ತದೆ: ಬೆನ್ನಚೀಲದ ಪಕ್ಕದಲ್ಲಿ ಒಂದು ಗಿಡ್ಡ ಲಿವರ್ ರೈಫಲ್. ಅದು ಹೇಗೆ ಕೆಲಸ ಮಾಡುತ್ತದೆ, ಯಾವುದನ್ನು ಆರಿಸಬೇಕು, ಹೇಗೆ ಹದ ಮಾಡಬೇಕು ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ಉತ್ತರದ ಮುಖ್ಯ ಭಾಗವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇರಳದ ಅಭಯಾರಣ್ಯಗಳಿಗೆ ಖಾಸಗಿಯವರು ಅನುಮತಿಯಿಲ್ಲದೆ ಬಂದೂಕು ಒಯ್ಯುವಂತಿಲ್ಲ. ಏರ್‌ಗನ್ ಕೂಡ ಒಯ್ಯುವಂತಿಲ್ಲ. ಗುರಿ ಹೊಡೆಯುವ ಆಸೆಗೆ ಜಾಗ ಶೂಟಿಂಗ್ ರೇಂಜ್. ರೈಫಲ್ ಆರಿಸುವ, ಹದ ಮಾಡುವ ಜಾಣ್ಮೆಯೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಲಿವರ್ ಏನು ಮಾಡುತ್ತದೆ

ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯೇ ಈ ರೈಫಲ್‌ನ ಲಿವರ್. ಅದನ್ನು ಕೆಳಕ್ಕೆ, ಮುಂದಕ್ಕೆ ತಳ್ಳಿದಾಗ ಒಳಗಿನ ಬೋಲ್ಟ್ ಹಿಂದೆ ಸರಿದು ಖಾಲಿ ತೋಟೆಯನ್ನು ಎಳೆದು ಹೊರಗೆ ಎಸೆಯುತ್ತದೆ. ಅದೇ ಓಟದಲ್ಲಿ ಸುತ್ತಿಗೆ ಹಿಂದಕ್ಕೆ ಬಾಗಿ ಸಜ್ಜಾಗುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುವ ತೋಟೆಗಳಲ್ಲಿ ಒಂದು ಹಿಂದೆ ಜಾರಿ, ಸಣ್ಣ ತಟ್ಟೆಯೊಂದರ ಮೇಲೆ ಮೇಲೇರುತ್ತದೆ. ಲಿವರನ್ನು ವಾಪಸ್ ಎಳೆದರೆ ಬೋಲ್ಟ್ ಮುಂದೆ ಬಂದು ಆ ತೋಟೆಯನ್ನು ನಳಿಗೆಯೊಳಗೆ ಕೂರಿಸಿ ಬೀಗ ಹಾಕುತ್ತದೆ. ಇಷ್ಟೂ ಆಗುವುದು ಮಣಿಕಟ್ಟಿನ ಒಂದೇ ತೂಗಾಟದಲ್ಲಿ.

1860ರ ಹೆನ್ರಿ ರೈಫಲ್‌ನಿಂದ ಈ ಪದ್ಧತಿ ಹೆಸರಾಯಿತು. ಅದರ ಕೊಳವೆಯಲ್ಲಿ 16 ತೋಟೆ ಹಿಡಿಯುತ್ತಿದ್ದವು. ಮುಂದೆ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1892 ಮತ್ತು 1894 ಮಾದರಿಗಳು ಇವತ್ತಿನ ಗಿಡ್ಡ ಲಿವರ್ ರೈಫಲ್‌ಗಳ ಮೂಲ. 1894ರ ಮಾದರಿಯೊಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ.

ಆಯ್ಕೆ ಮಾಡುವವರು ನೋಡುವ ಅಂಶಗಳು ಈ ರಚನೆಯಿಂದಲೇ ಬಂದವು. ತೋಟೆಗಳು ಕೊಳವೆಯಲ್ಲಿ ಒಂದರ ಹಿಂದೆ ಒಂದು ಇರುವುದರಿಂದ ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಕೇಪಿಗೆ ತಾಗಿರುತ್ತದೆ. ಚೂಪು ಮೂತಿಯ ಗುಂಡು ಹಾಕಿದರೆ ಹಿನ್ನೊದೆತಕ್ಕೆ ಕೇಪು ಸಿಡಿಯುವ ಅಪಾಯ. ಹಾಗಾಗಿ ಚಪ್ಪಟೆ ಮೂತಿಯ ಗುಂಡುಗಳನ್ನೇ ಬಳಸುವುದು. ಹಳೆಯ ವಿಂಚೆಸ್ಟರ್ ಖಾಲಿ ತೋಟೆಯನ್ನು ಮೇಲಕ್ಕೆ ಎಸೆಯುತ್ತದೆ, ಆದ್ದರಿಂದ ದೂರದರ್ಶಕವನ್ನು ಅದರ ನೆತ್ತಿಯ ಮೇಲೆ ಕೂರಿಸುವುದು ಕಷ್ಟ. ಮಾರ್ಲಿನ್ 336 ಪಕ್ಕಕ್ಕೆ ಎಸೆಯುತ್ತದೆ, ಅದಕ್ಕೆ ಆ ತೊಂದರೆಯಿಲ್ಲ. 20 ಇಂಚಿನ ನಳಿಗೆಯ ಕಾರ್ಬೈನ್ ಸುಮಾರು 3 ಕಿಲೋ ತೂಗುತ್ತದೆ. 16 ಇಂಚಿಗೆ ಇಳಿಸಿದರೆ ಹೊರಲು ಸುಲಭ, ಆದರೆ ಗುಂಡಿನ ವೇಗ ಕಡಿಮೆಯಾಗುತ್ತದೆ, ಸದ್ದು ಕಿವಿಗೆ ಇನ್ನಷ್ಟು ಹತ್ತಿರ ಬರುತ್ತದೆ.

ನಮ್ಮಲ್ಲಿ ಇದು ಸಿಗುವುದೇ?

ಹೊಸದು ಸಿಗುವುದು ಬಹಳ ಕಷ್ಟ. ವಿದೇಶಿ ಬಂದೂಕುಗಳ ಆಮದನ್ನು ಸಾಮಾನ್ಯ ನಾಗರಿಕರಿಗೆ 1980ರ ದಶಕದಲ್ಲೇ ಮುಚ್ಚಲಾಗಿದೆ. ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ. ಭಾರತದ ಸರ್ಕಾರಿ ಕಾರ್ಖಾನೆಗಳ .315 ಸ್ಪೋರ್ಟಿಂಗ್ ರೈಫಲ್ ಲಿವರಿನದಲ್ಲ, ಬೋಲ್ಟ್ ಎಳೆಯುವ ಬಗೆಯದು. ಲಿವರ್ ರೈಫಲ್ ಇದ್ದರೆ ಹಳೆಯ ಎಸ್ಟೇಟಿನ ಮನೆಯಲ್ಲಿ, ಅಜ್ಜನ ಕಾಲದ್ದು, ವಾರಸಿನ ಲೈಸೆನ್ಸ್ ಮೇಲೆ ಬಂದದ್ದಾಗಿರುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬ ಲೈಸೆನ್ಸ್‌ದಾರ ಸಾಮಾನ್ಯವಾಗಿ ಇಟ್ಟುಕೊಳ್ಳಬಹುದಾದ್ದು ಎರಡೇ ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷ.

ಅಂಥ ಹಳೆಯ ರೈಫಲ್ ಕೈಗೆ ಬಂದವರಿಗೆ ಮುಖ್ಯವಾದ ಒಂದು ಮಾತು: ಅದನ್ನು ಗಿಡ್ಡ ಮಾಡಲು ನಳಿಗೆ ಕತ್ತರಿಸಬೇಡಿ. 1959ರ ಶಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ಸ್ಪ್ರಿಂಗ್ ಸಡಿಲಿಸುವುದು, ಟ್ರಿಗರ್ ಉಜ್ಜಿ ಹಗುರ ಮಾಡುವುದು ಕೂಡ ಮನೆಯ ಕೆಲಸವಲ್ಲ. ಸುತ್ತಿಗೆಯ ಸ್ಪ್ರಿಂಗ್ ಬಲ ಕಳೆದುಕೊಂಡರೆ ಕೇಪು ಹತ್ತುವುದಿಲ್ಲ, ಟ್ರಿಗರ್‌ನ ಹಲ್ಲು ಸವೆದರೆ ಕೆಳಗೆ ಬಿದ್ದಾಗ ತಾನಾಗಿ ಸಿಡಿಯಬಹುದು. ಪರವಾನಗಿ ಇರುವ ಬಂದೂಕು ರಿಪೇರಿಯವರ ಕೈಗೆ ಕೊಡಿ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?

ಇದೆ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್‌ಗೆ, ಅಂದರೆ ಕೋವಿಗೆ, ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇವತ್ತಿಗೂ ನಡೆಯುತ್ತದೆ. ಕೊಡಗಿನ ಹೊರಗೆ ಹೋಗುವಾಗ ಎಷ್ಟು ಒಯ್ಯಬಹುದು ಎಂಬುದಕ್ಕೂ ಆ ಅಧಿಸೂಚನೆಯಲ್ಲಿ ಮಿತಿಯಿದೆ: ರೈಫಲ್ ಆದರೆ ಒಂದು, ಜೊತೆಗೆ 100 ತೋಟೆ.

ಆದರೆ ಈ ವಿನಾಯಿತಿ ಶಸ್ತ್ರ ಕಾಯ್ದೆಯ ಲೈಸೆನ್ಸ್‌ಗೆ ಸಂಬಂಧಿಸಿದ್ದು, ಕಾಡಿನ ಕಾನೂನಿಗೆ ಸಂಬಂಧಿಸಿದ್ದಲ್ಲ. ಕುಟ್ಟದಿಂದ ತೋಲ್ಪೆಟ್ಟಿ ದಾಟಿ ವಯನಾಡಿಗೆ ಇಳಿದರೆ ದಾರಿಯೇ ಅಭಯಾರಣ್ಯದೊಳಗೆ ಹೋಗುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರವನ್ನೂ ವಯನಾಡು ಅಭಯಾರಣ್ಯವನ್ನೂ ಸೀಳಿಕೊಂಡು ಸಾಗುತ್ತದೆ. ಉಳಿದ ಲೈಸೆನ್ಸ್‌ದಾರರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಲೈಸೆನ್ಸ್ ಮೇಲೆ ಬರೆದ ವ್ಯಾಪ್ತಿ ಕರ್ನಾಟಕ ಮಾತ್ರವೋ, ಇಡೀ ಭಾರತವೋ. ಕರ್ನಾಟಕಕ್ಕೆ ಸೀಮಿತವಾದ ಕಾಗದಕ್ಕೆ ಕೇರಳದಲ್ಲಿ ಬೆಲೆಯಿಲ್ಲ.

ಅಭಯಾರಣ್ಯದ ಗೇಟಿನಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು ನೇರವಾಗಿದೆ: ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧದೊಡನೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಆಯುಧ ಎಂದರೆ ಏನು ಎಂಬ ಪಟ್ಟಿ ದೊಡ್ಡದು. ಬಂದೂಕು, ಮದ್ದುಗುಂಡು, ಬಿಲ್ಲುಬಾಣ, ಬಲೆ, ಉರುಳು, ಚಾಕು, ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಸಾಧನ. ಲೈಸೆನ್ಸ್ ಬೇಡದ ಏರ್‌ಗನ್ ಕೂಡ ಇಲ್ಲಿ ಆಯುಧವೇ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ತಮ್ಮ ಹೆಸರನ್ನು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಅಥವಾ ಅವರು ಅಧಿಕಾರ ಕೊಟ್ಟವರಲ್ಲಿ ನೋಂದಾಯಿಸಬೇಕೆಂದು 34ನೇ ಕಲಮು ಹೇಳುತ್ತದೆ.

ತಟ್ಟೇಕ್ಕಾಡಿನ ಪಕ್ಷಿಧಾಮ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಯಾರ ಹೆಸರಿನಲ್ಲಿದೆಯೋ ಆ ಪಕ್ಷಿತಜ್ಞ ಸಲೀಂ ಅಲಿ ಹಕ್ಕಿಗಳ ಲೋಕಕ್ಕೆ ಬಂದದ್ದೇ ಬಾಲ್ಯದಲ್ಲಿ ಏರ್‌ಗನ್‌ನಿಂದ ಹೊಡೆದ ಹಳದಿ ಕತ್ತಿನ ಗುಬ್ಬಚ್ಚಿಯಿಂದ. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮಾಡಿದಾಗಲೂ ಮಾದರಿಗಾಗಿ ಹಕ್ಕಿ ಹೊಡೆಯುವುದು ವಿಜ್ಞಾನದ ವಾಡಿಕೆಯಾಗಿತ್ತು. 1983ರಲ್ಲಿ ಅದೇ ತಟ್ಟೇಕ್ಕಾಡು ಅಭಯಾರಣ್ಯವಾಯಿತು. ಇಂದು ಅಲ್ಲಿಗೆ ಬೈನಾಕ್ಯುಲರ್ ಒಯ್ಯಬಹುದು, ಏರ್‌ಗನ್ ಒಯ್ಯುವಂತಿಲ್ಲ.

ಹಾಗಾದರೆ ರಾತ್ರಿ ಆನೆ ಬಂದರೆ? ಕಾಡಿನ ಕ್ಯಾಂಪನ್ನು ಅರಣ್ಯ ಇಲಾಖೆಯ ಮೂಲಕವೇ ಮಾಡುವುದು ಇದಕ್ಕೆ ಉತ್ತರ. ತೇಕ್ಕಡಿಯ ಪೆರಿಯಾರ್ ಟೈಗರ್ ಟ್ರೇಲ್‌ನಲ್ಲಿ ಗುಡಾರದ ರಾತ್ರಿಗಳಿಗೆ ದಾರಿ ತೋರಿಸುವವರು ಒಂದು ಕಾಲಕ್ಕೆ ಅದೇ ಕಾಡಿನಲ್ಲಿ ಕದ್ದು ದಾಲ್ಚಿನ್ನಿ ಜಾತಿಯ ಮರದ ತೊಗಟೆ ಸುಲಿಯುತ್ತಿದ್ದವರು. ಇಲಾಖೆ ಅವರನ್ನು ಸಮಿತಿಯಾಗಿ ಕಟ್ಟಿ ಕಾವಲಿಗೆ ತಿರುಗಿಸಿತು. ತಂಡದಲ್ಲಿ ಬಂದೂಕು ಇರುವುದು ಜೊತೆಗೆ ಬರುವ ಅರಣ್ಯ ರಕ್ಷಕನ ಹೆಗಲಲ್ಲಿ ಮಾತ್ರ. ತಿರುವನಂತಪುರದ ಕಡೆ ಬೋಣಕ್ಕಾಡಿನಿಂದ 1,868 ಮೀಟರ್ ಎತ್ತರದ ಅಗಸ್ತ್ಯಕೂಡಕ್ಕೆ ಏರುವ ದಾರಿಗೂ ಇಲಾಖೆಯ ಪರವಾನಗಿ ಬೇಕು. ಮಾರ್ಗದರ್ಶಕರು ಹೇಳಿದ ಜಾಗದಲ್ಲಿ ಮಲಗುವುದು, ಆನೆದಾರಿಯಲ್ಲಿ ಗುಡಾರ ಹಾಕದಿರುವುದು, ಹಣ್ಣು ಮತ್ತು ಉಪ್ಪಿನ ಪದಾರ್ಥಗಳನ್ನು ಗುಡಾರದೊಳಗೆ ಇಡದಿರುವುದು, ಇವು ಪ್ರಾಣ ಉಳಿಸುವ ಕ್ರಮಗಳು. ಹೆದರಿದ ಮನುಷ್ಯ ಕತ್ತಲಲ್ಲಿ ಹಾರಿಸಿದ ಸಣ್ಣ ಗುಂಡು ಆನೆಯನ್ನು ಕೆರಳಿಸೀತೇ ಹೊರತು ತಡೆಯದು.

ಕಾಡುಹಂದಿ ಹೊಡೆಯಲು ಕೇರಳದಲ್ಲಿ ಅನುಮತಿ ಸಿಗುತ್ತದೆ ಎಂದು ಕೇಳಿದವರಿರಬಹುದು. 2022ರಲ್ಲಿ ಸರ್ಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟದ್ದು ನಿಜ. ಅದು ಬೆಳೆ ಹಾಳಾಗುವ ಊರಿನಲ್ಲಿ, ಗೊತ್ತುಮಾಡಿದ ಲೈಸೆನ್ಸ್‌ದಾರರಿಗೆ. ಪ್ರವಾಸಿಗೆ ಅದರಲ್ಲಿ ಪಾಲಿಲ್ಲ.

ಲಿವರಿನ ಆಸೆಗೆ ಏರ್ ರೈಫಲ್

2016ರ ಶಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ನಳಿಗೆ ಬಾಯಲ್ಲಿ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 0.22 ಇಂಚಿನದಕ್ಕೆ ಬೇಕು. ಸಾಮಾನ್ಯ ಪೆಲೆಟ್ ಒಂದರ ತೂಕ ಸುಮಾರು 0.53 ಗ್ರಾಂ. ಅದು ಸೆಕೆಂಡಿಗೆ 275 ಮೀಟರ್ ವೇಗದಲ್ಲಿ ಹೊರಬಂದರೆ 20 ಜೂಲ್ ಮುಟ್ಟುತ್ತದೆ. ಸ್ಪರ್ಧೆಯ 10 ಮೀಟರ್ ರೈಫಲ್‌ಗಳು ಸುಮಾರು 175 ಮೀಟರ್ ವೇಗದಲ್ಲಿ, 8 ಜೂಲ್ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತವೆ. ಗಟ್ಟಿ ಸ್ಪ್ರಿಂಗ್ ಹಾಕಿ ವೇಗ ಏರಿಸಿದರೆ ಲೈಸೆನ್ಸ್ ಬೇಡದ ವಸ್ತು ಲೈಸೆನ್ಸ್ ಬೇಕಾದ ಆಯುಧವಾಗಬಹುದು. ಗುರಿಯೂ ಅದರಿಂದ ಸುಧಾರಿಸುವುದಿಲ್ಲ.

ಆಯ್ಕೆಯಲ್ಲಿ ಎರಡು ಬಗೆ ಮುಖ್ಯ. ನಳಿಗೆಯನ್ನೇ ಮಡಿಸಿ ಸ್ಪ್ರಿಂಗ್ ಎಳೆಯುವುದು ಒಂದು, ಹಗುರ, ಅಗ್ಗ. ನಳಿಗೆ ಅಲುಗದೆ ಕೆಳಗಿನ ಲಿವರಿನಿಂದ ಎಳೆಯುವುದು ಇನ್ನೊಂದು. ಎರಡನೆಯದು ಭಾರ, ಆದರೆ ನಳಿಗೆ ಸ್ಥಿರವಾಗಿರುವುದರಿಂದ ಗುರಿ ತಪ್ಪುವ ಕಾರಣ ಒಂದು ಕಡಿಮೆ. ಇದಕ್ಕೆ ಪೆಲೆಟ್ ಹಾಕುವಾಗ ಒಂದು ಕೈ ಲಿವರನ್ನು ಹಿಡಿದೇ ಇರಬೇಕು. ಕೊಂಡಿ ಜಾರಿದರೆ ಬೆರಳು ನಜ್ಜುಗುಜ್ಜಾಗುತ್ತದೆ.

ಅಳತೆ ನೋಡುವ ಸುಲಭ ವಿಧಾನ: ರೈಫಲ್ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು, ಅದರ ಹಿಂಬದಿಯ ಮರವನ್ನು ಮೊಣಕೈ ಮಡಿಕೆಗೆ ಒರಗಿಸಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಮುಟ್ಟಿದರೆ ಉದ್ದ ಸರಿ.

ಹದ ಮಾಡುವ ಕ್ರಮ

ಮೊದಲು ಸ್ಕ್ರೂ. ಸ್ಪ್ರಿಂಗ್‌ನ ನಡುಕಕ್ಕೆ ಮರ ಮತ್ತು ಕಬ್ಬಿಣ ಸೇರುವ ಸ್ಕ್ರೂಗಳು ಸಡಿಲವಾಗುತ್ತವೆ. ಚದುರಿದ ಗುರಿಗೆ ಕಾರಣ ಅನೇಕ ಸಲ ಅಲ್ಲೇ ಸಿಗುತ್ತದೆ.

ಎರಡನೆಯದು ಪೆಲೆಟ್. ಒಂದೇ 4.5 ಮಿಲಿಮೀಟರ್ ಎಂದು ಮಾರುವುದರಲ್ಲೂ ತಲೆಯ ಅಳತೆ 4.49, 4.50, 4.51 ಎಂದು ಬದಲಾಗುತ್ತದೆ. ಎರಡು ಮೂರು ಬಗೆ ತಂದು, ಪ್ರತಿಯೊಂದರಲ್ಲೂ ಐದೈದು ಹೊಡೆದು, ಯಾವುದರ ರಂಧ್ರಗಳು ಹತ್ತಿರ ಕೂಡಿವೆಯೋ ಅದನ್ನೇ ಉಳಿಸಿಕೊಳ್ಳಿ.

ಆಮೇಲೆ ಸೈಟ್. ಒಂದು ಹೊಡೆತ ನೋಡಿ ತಿರುಪು ತಿರುಗಿಸಬೇಡಿ. ಐದರ ಗುಂಪಿನ ನಡುವನ್ನು ನೋಡಿ. ಗುಂಪು ಎಡಕ್ಕಿದ್ದರೆ ಹಿಂದಿನ ಸೈಟನ್ನು ಬಲಕ್ಕೆ, ಕೆಳಗಿದ್ದರೆ ಮೇಲಕ್ಕೆ ಸರಿಸಬೇಕು. ಮುಂದಿನ ಸೈಟ್ ಆದರೆ ತದ್ವಿರುದ್ಧ.

ಹಿಡಿತವೂ ಹದದ ಭಾಗವೇ. ಸ್ಪ್ರಿಂಗ್ ರೈಫಲ್ ಪೆಲೆಟ್ ಹೊರಬರುವ ಮುನ್ನವೇ ಹಿಂದೆ ಮುಂದೆ ಜಿಗಿಯುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆಯಾಗಿ ಜಿಗಿಯುತ್ತದೆ. ತೆರೆದ ಅಂಗೈ ಮೇಲೆ ಸುಮ್ಮನೆ ಕೂರಿಸಿ ಅದರಷ್ಟಕ್ಕೆ ಅಲುಗಲು ಬಿಟ್ಟರೆ ಗುಂಪು ಚಿಕ್ಕದಾಗುತ್ತದೆ.

ಕೊನೆಗೆ ಎಣ್ಣೆ. ಕೊಚ್ಚಿಯ ಉಪ್ಪುಗಾಳಿಗೆ, ಜೂನ್ ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊರಮೈಗೆ ತೆಳುವಾಗಿ ಎಣ್ಣೆ ಒರೆಸಿ. ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಸ್ಪಂಜು ತೇವ ಹಿಡಿದಿಡುತ್ತದೆ. ಗಾಳಿ ಒತ್ತುವ ಕೊಠಡಿಗೆ ಮಾತ್ರ ಪೆಟ್ರೋಲಿಯಂ ಎಣ್ಣೆ ಬಿಡಲೇಬಾರದು. ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದೂ ಸೀಲಿಗೆ ಪೆಟ್ಟು.

ಎಲ್ಲಿ ಹೊಡೆಯಬೇಕು

ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಶೂಟಿಂಗ್ ರೇಂಜ್ ಇದೆ. ಕೊಚ್ಚಿಯಲ್ಲಿರುವವರು ಜಿಲ್ಲಾ ರೈಫಲ್ ಸಂಸ್ಥೆಯನ್ನು ವಿಚಾರಿಸುವುದು ಸರಿಯಾದ ದಾರಿ. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಕಾಡಿನಲ್ಲಿ ಖಾಲಿ ಡಬ್ಬ ಹೊಡೆಯುವುದಕ್ಕಿಂತ ಇದು ಬಹಳ ಕಷ್ಟದ ಪರೀಕ್ಷೆ. ಅಪಾರ್ಟ್‌ಮೆಂಟಿನ ತಾರಸಿ, ಬಾಲ್ಕನಿ ರೇಂಜ್ ಅಲ್ಲ. ತಪ್ಪಿದ ಪೆಲೆಟ್ ನೂರಾರು ಮೀಟರ್ ಹಾರಬಲ್ಲದು, ಗೋಡೆಗೆ ಬಡಿದರೆ ಕಣ್ಣಿಗೇ ವಾಪಸ್ ಬರಬಲ್ಲದು.

ಶನಿವಾರ ಬೆಳಿಗ್ಗೆ ರೇಂಜಿನಲ್ಲಿ ಅಭ್ಯಾಸ ಮುಗಿಸಿ ಮಧ್ಯಾಹ್ನ ಕಾಡಿಗೆ ಹೊರಡುವ ಯೋಚನೆಯಿದ್ದರೆ, ನಡುವೆ ಒಮ್ಮೆ ಮನೆಗೆ ಹೋಗಿ ರೈಫಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕಾರಿನ ಡಿಕ್ಕಿಯಲ್ಲಿ ಮರೆತುಹೋದ ಏರ್‌ಗನ್‌ಗೂ ಗೇಟಿನಲ್ಲಿ 31ನೇ ಕಲಮೇ ಅನ್ವಯಿಸುತ್ತದೆ.