ಆಕಾಶದಲ್ಲೊಂದು ಸಾಸಿವೆ ಡಬ್ಬಿ

ಮುಳಬಾಗಿಲಿನ ನಮ್ಮ ದೊಡ್ಡಮ್ಮ ಅಮೆರಿಕಕ್ಕೆ ಮೂರು ಸಲ ಹೋಗಿ ಬಂದವರು. ಮೂರು ಸಲವೂ ಬಾಣಂತನಕ್ಕೇ. ಮಗಳಿಗೆ ಎರಡು, ಸೊಸೆಗೆ ಒಂದು. ಶ್ರೀನಿವಾಸಪುರದ ಮಾವಿನಕಾಯಿ ಉಪ್ಪಿನಕಾಯಿ, ಅಂಟಿನುಂಡೆ, ಮೆಣಸಿನ ಪುಡಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ವಿಮಾನದಲ್ಲಿ ಕಾಲು ಊದಿಸಿಕೊಂಡು ಕೂತು, ಹೋದ ಕಡೆ ಎಣ್ಣೆ ನೀರು ಮಾಡಿಸಿ, ವಾಪಸು ಬಂದವರು. ತಮಗಾಗಿ ಅಂತ ಒಂದು ಸಲವೂ ವಿಮಾನ ಹತ್ತಿದವರಲ್ಲ.

ಕಳೆದ ಯುಗಾದಿಗೆ ನಾವೆಲ್ಲ ಮಾಲೂರಿನ ಚಿಕ್ಕಮ್ಮನ ಮನೆಯಲ್ಲಿ ಸೇರಿದ್ದೆವು. ಒಬ್ಬಟ್ಟಿನ ಹೂರಣ ರುಬ್ಬುತ್ತಲೇ ಚಿಕ್ಕಮ್ಮ ಅಂದರು, "ಅಕ್ಕಾ, ಮುಂದಿನ ತಿಂಗಳು ಕಾಶಿಗೆ ಹೊರಟಿದೀನಿ, ವಿಮಾನದಲ್ಲಿ. ತೆರಿಗೆ ದುಡ್ಡು ಮಾತ್ರ ಕೈಯಿಂದ ಕೊಟ್ಟೆ. ಮಿಕ್ಕಿದ್ದೆಲ್ಲ ಪಾಯಿಂಟು!"

ದೊಡ್ಡಮ್ಮನ ಕೈ ಅಲ್ಲೇ ನಿಂತಿತು. "ಅದ್ಯಾವ ಪಾಯಿಂಟೇ? ನಾನೂ ಮೂರು ಸಲ ಹಾರಿದೀನಲ್ಲ, ನನಗ್ಯಾರೂ ಕೊಡಲೇ ಇಲ್ವಲ್ಲ?"

ಅವತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೋಲಾರಕ್ಕೆ ಬಂದ ಮೇಲೆ ನಾನು ನಮ್ಮ ಟ್ರಾವೆಲ್ ಏಜೆಂಟರನ್ನು ಕೇಳಿ, ಕಂಪನಿಗಳ ನಿಯಮಗಳನ್ನು ಓದಿ ತಿಳಿದುಕೊಂಡೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ಅಮ್ಮಂದಿರು, ಅತ್ತೆಯಂದಿರು ಹೀಗೇ ದೇವನಹಳ್ಳಿಗೆ ಹೋಗಿ ವಿಮಾನ ಹತ್ತುತ್ತಾರೆ. ಆ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಹೇಗೆ?

1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ತನ್ನ ಗಿರಾಕಿಗಳು ಬೇರೆ ಕಂಪನಿಗೆ ಹೋಗದಿರಲಿ ಅಂತ, ಹಾರಿದ ಒಂದೊಂದು ಮೈಲಿಗೂ ಲೆಕ್ಕ ಬರೆದಿಟ್ಟು, ಸಾಕಷ್ಟು ಸೇರಿದ ಮೇಲೆ ಪುಕ್ಕಟೆ ಟಿಕೆಟ್ಟು ಕೊಡುವ ಏರ್ಪಾಡು ಮಾಡಿತು. ಮಿಕ್ಕವರೂ ಅದೇ ದಾರಿ ಹಿಡಿದರು. ನಮ್ಮ ಏರ್ ಇಂಡಿಯಾದ 'ಫ್ಲೈಯಿಂಗ್ ರಿಟರ್ನ್ಸ್' ಯೋಜನೆ 2025ರಲ್ಲಿ 'ಮಹಾರಾಜ ಕ್ಲಬ್' ಆಯಿತು. ಇಂಡಿಗೋ ಕಂಪನಿ 2024ರಲ್ಲಿ 'ಬ್ಲೂಚಿಪ್' ಅಂತ ತನ್ನದೊಂದನ್ನು ತೆಗೆಯಿತು. ಸದಸ್ಯರಾಗಲು ದುಡ್ಡು ಕೊಡಬೇಕಾಗಿಲ್ಲ.

ಲೆಕ್ಕ ಡೇರಿಯ ಹಾಗೇ!

ಡೇರಿಗೆ ಹಾಲು ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸುವುದು ಬಹಳ ಸುಲಭ. ಎಷ್ಟು ಲೀಟರ್ ಅಂತ ಮಾತ್ರ ನೋಡಿದರೆ ಸಾಲದು, ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಅಂತಲೂ ನೋಡುತ್ತಾರಲ್ಲ, ಇಲ್ಲೂ ಹಾಗೇ. ಮೊದಲೆಲ್ಲ ಎಷ್ಟು ದೂರ ಹಾರಿದಿರಿ ಎಂಬುದೇ ಮುಖ್ಯವಾಗಿತ್ತು. ಈಗ ಅನೇಕ ಕಂಪನಿಗಳು ಟಿಕೆಟ್ಟಿಗೆ ಎಷ್ಟು ಹಣ ಕೊಟ್ಟಿರಿ ಅಂತ ನೋಡುತ್ತವೆ. ಏರ್ ಇಂಡಿಯಾ 2024ರಿಂದ ಈ ಲೆಕ್ಕಕ್ಕೆ ಬಂದಿದೆ. ಟಿಕೆಟ್ಟಿನ ಮೇಲೆ ದರ್ಜೆ ತೋರಿಸುವ ಒಂದು ಅಕ್ಷರ ಇರುತ್ತದೆ. ತೀರ ಅಗ್ಗದ ದರ್ಜೆಗೆ ಪಾಯಿಂಟು ಕಡಿಮೆ, ಕೆಲವಕ್ಕೆ ಏನೂ ಇಲ್ಲ.

ಕಂಪನಿಗಳು ಒಕ್ಕೂಟಗಳನ್ನೂ ಕಟ್ಟಿಕೊಂಡಿವೆ. ಏರ್ ಇಂಡಿಯಾ 2014ರಲ್ಲಿ 'ಸ್ಟಾರ್ ಅಲಯನ್ಸ್' ಸೇರಿತು. ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಕೂಡ ಅದರಲ್ಲಿವೆ. ಹೀಗಾಗಿ ಒಂದು ಸಲ ಫ್ರಾಂಕ್‌ಫರ್ಟ್ ಮೇಲೆ, ಇನ್ನೊಂದು ಸಲ ಸಿಂಗಪುರದ ಮೇಲೆ ಹೋದರೂ ಪಾಯಿಂಟುಗಳನ್ನು ಒಂದೇ ಖಾತೆಗೆ ಹಾಕಿಸಿಕೊಳ್ಳಬಹುದು. ನಾಲ್ಕು ಡಬ್ಬಿಯಲ್ಲಿ ಚೂರು ಚೂರು ಇಡುವ ಬದಲು ಒಂದನ್ನೇ ತುಂಬಿಸುವುದು ಜಾಣತನ.

ಪಾಯಿಂಟು ಯಾರದು?

ನಮ್ಮ ದೊಡ್ಡಮ್ಮ ಎಡವಿದ್ದು ಇಲ್ಲೇ. "ಟಿಕೆಟ್ಟು ತೆಗೆದದ್ದು ಅಳಿಯಂದಿರು. ಪಾಯಿಂಟೂ ಅವರದೇ ಇರಬೇಕು ಬಿಡು" ಅಂದುಬಿಟ್ಟರು. ಅಲ್ಲ ತಾಯಂದಿರೇ! ಸಾಮಾನ್ಯವಾಗಿ ಹಾರಾಟದ ಪಾಯಿಂಟು ಹಣ ಕೊಟ್ಟವರದಲ್ಲ, ಸೀಟಿನಲ್ಲಿ ಕೂತವರದು. ಕಾಲು ಊದಿದ್ದು ಯಾರಿಗೋ, ಪಾಯಿಂಟು ಅವರಿಗೇ.

ಆದರೆ ತಾನಾಗಿ ಬಂದು ಸೇರುವುದಿಲ್ಲ. ಮೊದಲು ನಿಮ್ಮ ಹೆಸರಲ್ಲಿ ಖಾತೆ ಇರಬೇಕು, ಟಿಕೆಟ್ಟು ತೆಗೆಯುವಾಗ ಆ ಸಂಖ್ಯೆ ಬರೆಸಬೇಕು. ಮರೆತರೆ ಆಮೇಲೂ ಕೇಳಬಹುದು, ಆದರೆ ಅದಕ್ಕೆ ಗಡುವಿದೆ. ಅನೇಕ ಕಡೆ ಆರು ತಿಂಗಳು. ದೊಡ್ಡಮ್ಮ ಕೊನೆಯ ಸಲ ಬಂದು ಎರಡು ವರ್ಷವಾಗಿತ್ತು. ಮೂರು ಬಾಣಂತನದ ಪಾಯಿಂಟೂ ಗಾಳಿಗೆ ಹೋದವು.

ಅದೆಷ್ಟು ದೂರ ಗೊತ್ತೇ? 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳುತನದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದಾಗ ದೇಶವೆಲ್ಲ ಕೊಂಡಾಡಿತು. ಆ ದಾರಿ ಸುಮಾರು 16,000 ಕಿಲೋಮೀಟರ್. ಅಷ್ಟು ದೂರ ಉಪ್ಪಿನಕಾಯಿ ಹೊತ್ತು ಹೋಗಿಬರುವ ಅಜ್ಜಿಯರ ಲೆಕ್ಕ ಮಾತ್ರ ಯಾರೂ ಬರೆದಿಡುವುದಿಲ್ಲ. ನಾವೇ ಬರೆಸಿಕೊಳ್ಳಬೇಕು.

ಡಬ್ಬಿಗೂ ತೂತಿದೆ

ಇದು ಬ್ಯಾಂಕಿನ ಠೇವಣಿಯಲ್ಲ, ಬಡ್ಡಿ ಬರುವುದಿಲ್ಲ. ಒಂದು ಟಿಕೆಟ್ಟಿಗೆ ಇಷ್ಟು ಪಾಯಿಂಟು ಅಂತ ಇವತ್ತು ಹೇಳಿದ ಕಂಪನಿ ನಾಳೆ ಏರಿಸಬಹುದು. ಪಾಯಿಂಟಿನ ಸೀಟುಗಳು ಕೆಲವೇ ಇರುತ್ತವೆ. ದಸರಾ, ಬೇಸಿಗೆ ರಜೆಯಲ್ಲಿ ಸಿಕ್ಕುವುದು ಕಷ್ಟ. ತೆರಿಗೆಯನ್ನಂತೂ ಹಣವಾಗಿಯೇ ಕಟ್ಟಬೇಕು.

ಕಂಪನಿಯೇ ಮುಚ್ಚಿದರೆ? ನಮ್ಮ ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಅದರ ಪಾಯಿಂಟು ಕೂಡಿಟ್ಟವರಿಗೆ ಹತ್ತಲು ವಿಮಾನವೇ ಇಲ್ಲದಂತಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅದರ ಪಾಯಿಂಟು ಯೋಜನೆ ಬೇರೆ ಸಂಸ್ಥೆಯ ಕೈಲಿದ್ದುದರಿಂದ ಅದೇ ವರ್ಷ 'ಇಂಟರ್‌ಮೈಲ್ಸ್' ಅಂತ ಹೆಸರು ಬದಲಿಸಿಕೊಂಡು ಉಳಿಯಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಸೇರಿದಾಗ ಸದಸ್ಯರ ಪಾಯಿಂಟುಗಳೂ ಅಲ್ಲಿಗೆ ಹೋದವು. ಆದ್ದರಿಂದ ಬಹಳ ವರ್ಷ ಕೂಡಿಡುವ ಆಸೆ ಬೇಡ. ಒಂದು ಪ್ರಯಾಣಕ್ಕೆ ಸಾಕಾದರೆ ಬಳಸಿಬಿಡಿ. ಪಾಯಿಂಟಿನ ಆಸೆಗೆ ಹೆಚ್ಚು ಬೆಲೆಯ ಟಿಕೆಟ್ಟು ಕೊಳ್ಳುವುದಂತೂ, ಬಿಂದಿಗೆ ಪುಕ್ಕಟೆ ಅಂತ ಬೇಡದ ಸೀರೆ ತಂದ ಹಾಗೆ!

ಇಷ್ಟು ನೆನಪಿರಲಿ

* ಖಾತೆಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆಯುವಾಗ ಒಂದಕ್ಷರ ಹೆಚ್ಚುಕಮ್ಮಿಯಾದರೂ ಪಾಯಿಂಟು ಸೇರದೆ ಹೋಗಬಹುದು.

* ಸದಸ್ಯತ್ವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಗುಪ್ತಪದ ಮಾತ್ರ ಯಾರಿಗೂ ಹೇಳಬೇಡಿ.

* ಪಾಯಿಂಟು ಸೇರಿದೆ ಅಂತ ಕಣ್ಣಾರೆ ನೋಡುವ ತನಕ ಬೋರ್ಡಿಂಗ್ ಪಾಸ್ ಎಸೆಯಬೇಡಿ.

* ಪಾಯಿಂಟಿನ ಅವಧಿ ಎಂದು ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

* ಕೆಲವು ಕಂಪನಿಗಳಲ್ಲಿ ಮನೆಯವರೆಲ್ಲರ ಪಾಯಿಂಟು ಒಂದೇ ಕಡೆ ಕೂಡಿಸಬಹುದು. ಹಾಗೆ ಕೂಡಿಸಿದರೆ, ಖರ್ಚು ಮಾಡುವಾಗ ನಿಮ್ಮನ್ನೂ ಒಂದು ಮಾತು ಕೇಳಲಿ!

ಈ ಬೇಸಿಗೆಗೆ ದೊಡ್ಡಮ್ಮ ಮತ್ತೆ ಹೊರಟಿದ್ದಾರೆ, ಮೊಮ್ಮಗನ ಮುಂಜಿಗೆ. ಈ ಸಲ ಅಳಿಯಂದಿರಿಗೆ ತಾವೇ ಫೋನು ಮಾಡಿ, "ನನ್ನ ನಂಬರು ಬರೆಸಪ್ಪಾ" ಅಂದರಂತೆ. ಅವರು ಸಂತೋಷದಿಂದಲೇ ಬರೆಸಿದರು. ಪಾಪ, ಅವರಿಗೂ ಇದು ಹೊಳೆದಿರಲಿಲ್ಲ, ಅಷ್ಟೇ.

"ಕಾಶಿ ಯಾವಾಗ ದೊಡ್ಡಮ್ಮಾ?" ಅಂದೆ.

"ಮೊದಲು ಡಬ್ಬಿ ತುಂಬಲಿ ಕಣೇ" ಅಂದರು. "ಈ ಸಲ ಅಲ್ಲೇನೂ ಬಾಣಂತನ ಇಲ್ಲ ನೋಡು. ಮುಂಜಿ ಮುಗಿಸಿಕೊಂಡು ನಾಲ್ಕು ಊರು ನೋಡ್ಕೊಂಡು ಬರ್ತೀನಿ."